ಕಂತು

ಮುಳ್ಳು ಅರವತ್ತು ಅಂದರೆ ಐವತ್ತಾರು ಅಂತ ತಿಳಿ,
ಎನ್ನುತ್ತಿದ್ದರು ಸಿಪ್ರಿಯನ್ ಬಾಬ್.
ಕಂಪೆನಿಯವನಿಗೆ ಹೆದರಿಕೆ ಮಾರಾಯ,
ಕಡಿಮೆ ತೋರಿಸಿ ಯಾರಾದರೂ ಸತ್ತರೆ ಕೇಸು.
ಜಾಸ್ತಿ ತೋರಿಸಿದರೆ ಯಾರೂ ದೂರುವುದಿಲ್ಲ,
ಬಡಾಯಿ ಯಾರಿಗೆ ಬೇಡ?

ನನಗೆ ಆಗ ಹದಿನೇಳು. ಕಂಕನಾಡಿ ಮಾರ್ಕೆಟಿನ ಹಿಂದೆ
ಒಂದೇ ಶಟರಿನ ಅಂಗಡಿ.
ಗೋಡೆ ತುಂಬ ಕೇರೆಹಾವಿನಂತೆ ಜೋತ ಕೇಬಲ್ಲುಗಳು,
ಗ್ರೀಸು, ಹಳೇ ಟೂತ್‌ಬ್ರಶ್ಶು,
ಬಾಬ್‌ನ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ.

ಟಯರು ಸವೆದರೆ ಚಕ್ರ ಸಣ್ಣದಾಗುತ್ತದೆ,
ಸಣ್ಣ ಚಕ್ರ ಹೆಚ್ಚು ಸುತ್ತುತ್ತದೆ,
ಸುತ್ತಿದ್ದನ್ನೆಲ್ಲ ಮೀಟರು ದಾರಿ ಅಂದುಕೊಳ್ಳುತ್ತದೆ.
ನನ್ನ ಹಾಗೆ, ಎಂದು ಮೊಣಕಾಲು ತಟ್ಟುವರು.

ರಿಪೇರಿಯಾದ ಗಾಡಿಯನ್ನು ಜಪ್ಪಿನಮೊಗರಿನಿಂದ
ಸೇತುವೆ ದಾಟಿಸಿ ತೊಕ್ಕೊಟ್ಟಿಗೆ ಒಯ್ಯುತ್ತಿದ್ದೆವು,
ಕಿಲೋಮೀಟರು ಕಲ್ಲುಗಳಿಗೆ ತಾಳೆ ನೋಡುತ್ತ.
ಆ ಮೂರನೆಯ ಕಲ್ಲು ಲೆಕ್ಕಕ್ಕಿಲ್ಲ,
ಪೈಪು ಹಾಕಲು ಅಗೆದವರು
ಹತ್ತು ಮಾರು ಆಚೆ ನೆಟ್ಟು ಹೋಗಿದ್ದರು.

ಒಂದು ರಾತ್ರಿ ಬ್ರೋಕರ್ ದೂಮಪ್ಪಣ್ಣ ಬಂದ.
ಬಿಳಿ ಮಾರುತಿ. ಅರ್ಧ ಇಳಿದ ಶಟರು.
ಎಂಬತ್ತನಾಲ್ಕು ಸಾವಿರ ಮೂವತ್ತೊಂದಾಗಬೇಕು.
ನಾನೂರು ರೂಪಾಯಿ, ನನಗೆ ಅದರಲ್ಲಿ ಐವತ್ತು.
ಬಾಬ್‌ನ ಕೈ ನಡುಗುತ್ತಿತ್ತು, ನನ್ನ ಬೆರಳು ತೆಳ್ಳಗಿತ್ತು.
ಹೆಬ್ಬೆರಳಿನಡಿ ಟಿಕ್ ಟಿಕ್ ಎಂದು ಹಿಂದೆ ಹೋಯಿತು
ಯಾರದೋ ಚಾರ್ಮಾಡಿ ಘಾಟಿ,
ಯಾರನ್ನೋ ಮಲಗಿಸಿಕೊಂಡು
ಮಣಿಪಾಲದ ಆಸ್ಪತ್ರೆಗೆ ಹೋಗಿಬಂದ ನಲವತ್ತು ಸಲ.

ಎರಡು ತಿಂಗಳಿಗೆ ಅಳಿಯ ವಲೇರಿಯನ್ ಬಂದ,
ಲಾಡು ಹಿಡಿದು, ಬಾನೆಟ್ಟಿಗೆ ಹೂ ಕಟ್ಟಿ.
ಮೂವತ್ತೊಂದೇ ಓಡಿದ್ದು ಮಾವ, ಹೊಸತೇ ಅನ್ನಿ.
ಬಾಬ್ ಒಳಗೆ ಬಗ್ಗಿದರು.
ಮೀಟರಿನ ಗಾಜಿನ ಮೂಲೆಯಲ್ಲಿ ಗ್ರೀಸಿನ ಒಂದು ಬೆರಳಚ್ಚು, ನನ್ನದು.
ಕರವಸ್ತ್ರದಿಂದ ಒರೆಸಿದರು, ಮತ್ತೆ ಒರೆಸಿದರು.
ಅದು ಒಳಮೈಯಲ್ಲಿತ್ತು.

ಬೈದಿದ್ದರೆ ಒಳ್ಳೆಯದಿತ್ತು.
ಆದಿತ್ಯವಾರ ಇಗರ್ಜಿಗೆ ಹಿಂದಿನ ಸೀಟಿನಲ್ಲಿ ಕೂತು
ನಂತೂರು ಏರಿನಲ್ಲಿ ಎಂಜಿನ್ನಿನ ಕೆಮ್ಮು ಕೇಳುತ್ತಿದ್ದರು,
ಸಂದೂಕದೊಳಗಿಂದ ಯಾರೋ ಕರೆದ ಹಾಗೆ.
ಆಮೇಲೆ ತಿಂಗಳಿಗೊಮ್ಮೆ ಸರ್ವಿಸು ಶುರುವಾಯಿತು,
ಅಳಿಯನಿಗೆ ಪುಕ್ಕಟೆ.
ಆಯಿಲ್ ಬದಲಿಸುವುದು. ರಿಂಗು ಹಾಕುವುದು.
ಶಟರು ಅರ್ಧ ಇಳಿಸುವುದು.
ಎರಡು ಸಾವಿರ, ಎನ್ನುವರು, ಜಾಸ್ತಿ ಬೇಡ, ಗೊತ್ತಾಗಬಾರದು.
ನಾನು ಮುಂದಕ್ಕೆ ತಿರುಗಿಸುತ್ತಿದ್ದೆ.
ಐವತ್ತಮೂರು ತೀರಲು ಇನ್ನೆಷ್ಟು ತಿಂಗಳು ಎಂದು
ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೀಟು.

ಹದಿನಾರನೆಯ ಗೀಟಿಗೆ ಬಾಬ್ ಆಸ್ಪತ್ರೆ ಸೇರಿದ್ದರು.
ವಲೇರಿಯನ್ ಒಬ್ಬನೇ ಅಂಗಡಿಗೆ ಬಂದ,
ಸ್ಟೂಲಿನ ತುದಿಯಲ್ಲಿ ಕೂತ.
ಮನೆ, ಕೂಳೂರು, ಇಗರ್ಜಿ, ಬೇರೆಲ್ಲಿಗೂ ಹೋಗುವವನಲ್ಲ ನಾನು.
ಮೀಟರು ನೋಡಿದರೆ ಗೋವಕ್ಕೆ ಹೋಗಿಬಂದ ಹಾಗಿದೆ.
ಸೆವ್ರಿನ್ ದಿನಾ ಕೇಳುತ್ತಾಳೆ,
ಎಲ್ಲಿಗೆ ಹೋಗುತ್ತೀರಿ, ಯಾರಿದ್ದಾರೆ ಅಲ್ಲಿ ಅಂತ.
ಮನೆಯಲ್ಲಿ ಮಾತಿಲ್ಲ, ಒಂದು ವಾರವಾಯಿತು.
ನೀನೊಮ್ಮೆ ನೋಡು.

ನಾನು ಬಗ್ಗಿ ನೋಡಿದೆ.
ನನ್ನ ಬೆರಳು ಇನ್ನೂ ಅಲ್ಲೇ ಇತ್ತು.

ಟಯರು ಸವೆದಿರಬೇಕು, ಎಂದೆ.