ನಾಳೆ ಎಂಬುದು ದಿನಾಂಕವಲ್ಲ

ಉಪಕರಣದ ಹೆಸರು: ಹೊಸ ಕಾರ್ಯಕ್ರಮ ಸೇರಿಸು.
ಕೆಲಸ: ಕ್ಯಾಲೆಂಡರಿನ ಒಂದು ಗಳಿಗೆಗೆ ಮೊಳೆ ಹೊಡೆಯುವುದು.
ಎರಡನೆಯ ಸಾಲನ್ನು ಸಿಡ್ನಿಯಿಂದ ಇಂಗ್ರಿಡ್ ಅಳಿಸಿದಳು,
'ಓದುವವರಿಗೆ ಮೊಳೆ ಗೊತ್ತಿಲ್ಲ' ಎಂದು ಪಕ್ಕದಲ್ಲಿ ಬರೆದು.

ನಿಜ. ಅವರಿಗೆ ಗೋಡೆಯೂ ಗೊತ್ತಿಲ್ಲ.
ಬ್ರೋಕನ್ ಹಿಲ್ಲಿನ ಕ್ಲೋರೈಡ್ ಬೀದಿಯ ತಗಡಿನ ಮನೆಯಲ್ಲಿ
ಫ್ಯಾನಿಗೆ ಹಾರುವ ಹಾಳೆಗಳ ಮೇಲೆ ಸೀಸದ ಅದಿರಿನ ತುಂಡಿಟ್ಟು
ನಾನು ಬರೆಯುತ್ತಿರುವುದು ಕಣ್ಣಿಲ್ಲದವರಿಗೆ,
ಹೇಳಿದ್ದನ್ನು ಹೇಳಿದಷ್ಟೇ ಮಾಡುವವರಿಗೆ.
ಮನುಷ್ಯರಿಗಾದರೆ 'ಹೊತ್ತಿಗೆ ಮುಂಚೆ ಬಾ' ಸಾಕು.
ಇವರಿಗೆ ಹೊತ್ತು ಎಂದರೇನು ಎಂಬಲ್ಲಿಂದ ಶುರು.

    ಶೀರ್ಷಿಕೆ: ಕಡ್ಡಾಯ.
    ಆರಂಭ: ಕಡ್ಡಾಯ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ.
    ಮುಕ್ತಾಯ: ಕಡ್ಡಾಯವಲ್ಲ. ಕೊಡದಿದ್ದರೆ ಒಂದು ಗಂಟೆ ಎಂದು ತಿಳಿಯಲಾಗುವುದು.

(ಎಷ್ಟೋ ಸಂಗತಿಗಳಿಗೆ ಮುಕ್ತಾಯ ಕೊಟ್ಟಿರುವುದಿಲ್ಲ.
ಅವು ಒಂದು ಗಂಟೆಯಲ್ಲಿ ಮುಗಿದದ್ದನ್ನು ನಾನಂತೂ ಕಂಡಿಲ್ಲ.)

    ಕಾಲವಲಯ: ಕಡ್ಡಾಯವಲ್ಲ. ಕೊಡದಿದ್ದರೆ ರಾಜ್ಯದ ರಾಜಧಾನಿಯದು.

ಈ ಸಾಲು ನನ್ನದೇ.
ಮಾರ್ಚ್ ತಿಂಗಳ ಒಂದು ಶುಕ್ರವಾರ
ಊಟಕ್ಕೆ ಮುಂಚೆ ಮುಗಿಸುವ ಅವಸರದಲ್ಲಿ ಬರೆದದ್ದು.

ರಾಜ್ಯ ನ್ಯೂ ಸೌತ್ ವೇಲ್ಸ್, ರಾಜಧಾನಿ ಸಿಡ್ನಿ;
ಆದರೆ ಈ ಊರಿನ ಗಡಿಯಾರ ಕೇಳುವುದು ಅಡಿಲೇಡಿನ ಮಾತನ್ನು,
ಗಣಿಯ ಅದಿರು ರೈಲು ಹತ್ತಿ ಆ ಕಡೆಗೇ ಹೋಗುತ್ತಿದ್ದ ಕಾಲದಿಂದ.
ಅಪ್ಪನ ಮನೆಯಲ್ಲುಂಡು ಸೋದರಮಾವನ ಹಿಂದೆ ತಿರುಗುವ ಹುಡುಗನ ಹಾಗೆ
ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ.

ಪಕ್ಕದ ಮನೆಯ ಮರ್ಟಲ್ ಪ್ಯಾಸ್ಕೊಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್.
ಆಸ್ಪತ್ರೆಯ ಏಜೆಂಟು ಕಾರು ಗೊತ್ತುಮಾಡಿತು: ಬುಧವಾರ, ಎಂಟು ಗಂಟೆ.
ವಲಯ ಕೊಡಲಿಲ್ಲ. ಕಡ್ಡಾಯವಲ್ಲವಲ್ಲ.
ಏಳೂವರೆಗೆ ಬಂದ ಕಾರು ಐದು ನಿಮಿಷ ಕಾದು
'ಪ್ರಯಾಣಿಕರಿಲ್ಲ' ಎಂದು ಬರೆದುಕೊಂಡು ಹೋಯಿತು.
ಎಂಟಕ್ಕೆ ಮರ್ಟಲ್ ಮೆಟ್ಟಿಲ ಮೇಲೆ,
ಮಡಿಲಲ್ಲಿ ಹೊದಿಕೆ, ಹೊದಿಕೆಯ ಮೇಲೆ ಪದಬಂಧದ ಪುಸ್ತಕ,
ಬೀದಿಯ ತುದಿಯತ್ತ ಮುಖ.
ಒಂಬತ್ತಕ್ಕೆ ನಾನು ಕಸದ ಡಬ್ಬಿ ಒಳಗೆಳೆಯಲು ಬಂದಾಗಲೂ ಹಾಗೇ.
'ಬರ್ತಾರೆ ಬಿಡು,' ಅಂದಳು, 'ಧೂಳಲ್ಲಿ ದಾರಿ ಕಾಣದೇನೋ.'
ಧೂಳು ಇರಲಿಲ್ಲ.

ನನ್ನ ಕಾರಿನಲ್ಲೇ ಬಿಟ್ಟುಬಂದೆ.
ಆ ಸಾಲು ಯಾರದೆಂದು ದಾರಿಯುದ್ದಕ್ಕೂ ಹೇಳಲಿಲ್ಲ.
ಏಳು ಅಕ್ಷರದ ಒಂದು ಪದ ಕೇಳಿದಳು; ಹೊಳೆಯಲಿಲ್ಲ.

ರಾತ್ರಿ ಕಡತ ತೆರೆದರೆ ಕಂಡದ್ದು ಮಂಡ್ಯದ ಗುತ್ತಲಿನ ವಠಾರ,
ದೆವ್ವ ಬಂದು ಬಾಗಿಲು ತಟ್ಟುತ್ತದೆಂದು ಸುದ್ದಿ ಹಬ್ಬಿದ ವರ್ಷ.
ಎದುರು ಮನೆಯ ಕೆಂಪರಾಜಮ್ಮ ಇದ್ದಿಲಲ್ಲಿ ಬರೆದರು: ನಾಳೆ ಬಾ.
ನನ್ನ ಕೈಗೂ ಒಂದು ತುಂಡು ಕೊಟ್ಟರು.
ಮೂರನೇ ಕ್ಲಾಸಿನ ನಾನು ಬರೆದೆ: ನಾಲೆ ಬಾ.
ತಲೆಗೊಂದು ಮೊಟಕಿದರು.
'ಓದಿದ್ದನ್ನೇ ಮಾಡೋದು ಕಣೇ ದೆವ್ವ.
ಹೀಗ್ ಬರೆದ್ರೆ ನಾಲೆ ನೀರೇ ನುಗ್ತದೆ ಒಳಕ್ಕೆ.'
ಸೆರಗಿನ ತುದಿಯಿಂದ ಒರೆಸಿ ಮತ್ತೆ ಬರೆಸಿದರು, ಳಕಾರದ ಹೊಟ್ಟೆ ದುಂಡಗಾಗುವವರೆಗೆ.

ನಾನು ಬರೆದ ಮೊದಲ ಕೈಪಿಡಿ ಅದು.
ಎರಡು ಪದ, ಒಂದು ತಿದ್ದುಪಡಿ.
ಓದುವವರಿಗೆ ಆಗಲೂ ಮೈಯಿರಲಿಲ್ಲ.

    ಕಾಲವಲಯ: ಕಡ್ಡಾಯ. ಊಹಿಸಬೇಡಿ. ರಾಜ್ಯವನ್ನಲ್ಲ, ಊರನ್ನು ಕೇಳಿ.
    'ನಾಳೆ' ಎಂಬುದು ದಿನಾಂಕವಲ್ಲ.
    ಏಪ್ರಿಲ್ ಮೊದಲ ಭಾನುವಾರ ನಸುಕಿನ ಎರಡೂವರೆ ಎರಡು ಸಲ ಬರುತ್ತದೆ;
    ಯಾವುದೆಂದು ಕೇಳಿ.
    ಅಕ್ಟೋಬರಿನ ಮೊದಲ ಭಾನುವಾರ ಅದು ಬರುವುದೇ ಇಲ್ಲ;
    ಅಲ್ಲಿ ಯಾರನ್ನೂ ಕಾಯಿಸಬೇಡಿ.

ಕೊನೆಯ ಸಾಲು ಬೇಕೇ, ಎಂದಳು ಇಂಗ್ರಿಡ್.
ಬೇಕು, ಎಂದೆ. ಕಾರಣ ಬರೆಯಲಿಲ್ಲ.

ಶುಕ್ರವಾರ ಕಾರು ಎಂಟಕ್ಕೆ ಸರಿಯಾಗಿ ಬಂತು.
ಮರ್ಟಲ್ ಏಳಕ್ಕೇ ಮೆಟ್ಟಿಲ ಮೇಲಿದ್ದಳು, ಹೊದಿಕೆ ಹೊದ್ದು.
ಆ ಒಂದು ಗಂಟೆಗೆ
ನನ್ನ ಬಳಿ ಯಾವ ಸಾಲೂ ಇಲ್ಲ.