ಮೂರನೆಯ ನಳಿಗೆ

ಎರ್ಜುರುಮ್ ಆಸ್ಪತ್ರೆಯ ನೆಲಮಾಳಿಗೆ. ರಾತ್ರಿ ಮೂರು.
ನೆವ್ಜಾತ್ ಬೇ ಅವರನ್ನು ನಾನು ಕಂಡಿಲ್ಲ;
ಕಂಡದ್ದು ಹಳದಿ ಮುಚ್ಚಳದ ನಳಿಗೆಯಲ್ಲಿ
ಅವರ ರಕ್ತವನ್ನಷ್ಟೇ.

ಸೋಮವಾರ ಸಿಆರ್‌ಪಿ ನಾಲ್ಕು.
ಸ್ಟೆಂಟ್ ಕೂತ ಮರುದಿನ ಹನ್ನೊಂದು.
ಇರಲಿ, ಹೊಸ ಬಾಗಿಲುವಾಡ ಕೂರಿಸಿದರೆ
ಗೋಡೆ ತುಸು ನೋಯುತ್ತದೆ.
ಇವತ್ತು ಎಂಬತ್ತಾರು.

ಯಂತ್ರ ತಪ್ಪಿತೇನೋ ಎಂದು ಮತ್ತೆ ಓಡಿಸಿದೆ.
ಎಂಬತ್ತೇಳು.

ಮೇಲೆ, ನಾಲ್ಕನೆಯ ಮಹಡಿಯಲ್ಲಿ
ಇಸಿಜಿ ತಕರಾರಿಲ್ಲದೆ ಓಡುತ್ತಿರಬಹುದು,
ಹೆಂಡತಿ ಕುರ್ಚಿಯಲ್ಲೇ ತೂಕಡಿಸುತ್ತ
ನಾಳೆ ಮನೆಗೆ ಎಂದುಕೊಂಡಿರಬಹುದು.
ಬೂದಿಯ ಮೇಲೆ ಕೈಯಿಟ್ಟವಳು
ನಾನೊಬ್ಬಳೇ.

ಫೋನೆತ್ತಿದೆ.
‘ಯಾರು?’ ಡಾಕ್ಟರ್ ತೂಲಿನ್, ನಿದ್ದೆಯ ದನಿ.
ಹೆಸರು ಹೇಳಲಿಲ್ಲ,
ಅಂಕಿ ಹೇಳಿದೆ.

ಇಲ್ಲಿ ಕಿಟಕಿಯಿಲ್ಲ. ಹೊರಗೆ ಹಿಮವೆಂದು
ಬಂದವರ ಬೂಟೇ ಹೇಳಬೇಕು.
ಮೆಟ್ಟಿಲ ಮೇಲೆ
ಯಾರೋ ಓಡುತ್ತಿರುವ ಸದ್ದು.