ಈಚಲದ ಇಸವಿ

ದೂರದೂರಿನ ದ್ರಾಕ್ಷಿ ಮದ್ಯಕ್ಕ
ಇಸವಿ ಇರತದಂತ. ಬಾಟ್ಲಿ ಮ್ಯಾಲ ಬರೀತಾರಂತ.
ಮೂವತ್ತು ವರ್ಷ ನೆಲಮಾಳಿಗ್ಯಾಗ ಮಲಗಿಸಿ
ಎಬ್ಬಸೂದಿಲ್ಲಂತ.

ನಮ್ಮ ಗುರುಮಠಕಲ್ಲಿನ ಶಿಂದಿಗಿ
ವರ್ಷ ಎಲ್ಲಿಂದ ಬರಬೇಕು?
ನಸುಕಿನಾಗ ಹುಟ್ಟಿ
ದೀಪ ಹಚ್ಚೂದ್ರಾಗ ಮುಪ್ಪಾಗಿ
ಹುಳಿಹುಳಿ ಮಾತಾಡತಿತ್ತು.

ನಮ್ಮ ಮುತ್ಯಾ, ಕಲಾಲರ ಮೊಗಲಪ್ಪ,
ಗಿರಾಕಿ ಬಂದ್ರ ಕೇಳತಿದ್ದ: "ಎಷ್ಟರದ್ದು?"
ಹೊಸಬರು ಕಿಸೆ ಮುಟ್ಟಿ ನೋಡಕೋತಿದ್ರು.
ಅವ ಕೇಳಿದ್ದು ರೊಕ್ಕಲ್ಲ, ತಾಸು.

ಆರರದ್ದು ಇಬ್ಬನಿ ತಂಪು, ಬೆಲ್ಲದ ತಂಗಿ,
ಹುಡುಗರಿಗೂ ನಡೀತದ.
ಎಂಟರದ್ದು ಮೂಗಿನಾಗ ಚುಳು ಅಂತದ,
ಅದಕ್ಕ ಸೀತನಿ ಬೇಕು,
ಕುಳ್ಳಿನ ಬೆಂಕ್ಯಾಗ ತೆನಿ ಸುಟ್ಟು
ಅಂಗೈಯಾಗ ತಿಕ್ಕಿ, ಹೊಟ್ಟು ಊದಿ,
ಮ್ಯಾಲ ಒಂದು ಚಿಟಿಕಿ ಶೇಂಗಾ ಹಿಂಡಿ.
ಹನ್ನೊಂದರದ್ದಕ್ಕ ಬೋಟಿನೇ ಆಗಬೇಕು.
ಬೇವಿನ ಗಿಡದ ಬುಡಕ ಕಬ್ಬಿಣ ಬುಟ್ಟಿ ಇಟ್ಟು
ನಮ್ಮ ಆಯಿ ಬುಗ್ಗಮ್ಮ ಕುಂತಿರತಿದ್ದಳು.
ಜನ್ಮದಾಗ ಒಂದು ಹನಿ ನಾಲಗಿಗಿ ಹಚ್ಚಿದಾಕಿ ಅಲ್ಲ,
ಗಡಿಗಿ ಮುಂದ ಹಾದು ಹೋದ್ರ ಸಾಕು,
"ಇವತ್ತ ಗಿಡ ಸಿಟ್ಟಿಗಿ ಬಂದದ" ಅಂದು
ಖಾರ ಅರ್ಧ ಮಾಡತಿದ್ದಳು.

ಮೂರರದ್ದು ಯಾರೂ ಕುಡೀತಿರಲಿಲ್ಲ.
ಅದು ಹಸಿಮೆಣಸಿನಕಾಯಿ ನೆನಸಲಿಕ್ಕ.

ಇಸವಿ ಇರಲಿಲ್ಲ ಅಂದೆನಲ್ಲ, ಸುಳ್ಳು.
ಇತ್ತು. ಗಿಡದ ಮೈಮ್ಯಾಲ.
ಒಂದ್ವರ್ಷ ಈ ಕಡಿ ಕೊರದರ ಮುಂದಿನ್ವರ್ಷ ಆ ಕಡಿ,
ಬೊಡ್ಡಿ ಉದ್ದಕ್ಕ ಎಡ ಬಲ, ಎಡ ಬಲ,
ಯಾರೋ ಹತ್ತಿ ಹೋಗಿ ತಿರುಗಿ ಬರದಂಥ ಮೆಟ್ಟಲ.
ಮುತ್ಯಾ ಹೆಬ್ಬಟ್ಟು ಇಟ್ಟು ಎಣಸತಿದ್ದ:
ಇದು ನಿಮ್ಮವ್ವ ಹುಟ್ಟಿದ್ದು.
ಇದು ಕೆರಿ ಕೋಡಿ ಬಿದ್ದದ್ದು.
ಇದು ನಾ ಬಿದ್ದು ಕಾಲು ಮುರಕೊಂಡದ್ದು,
ಆ ವರ್ಷ ನಿಮ್ಮಾಯಿ ಹತ್ತಿ ಕೊರದಳು,
ನೋಡು, ಗಾಯ ಎಷ್ಟು ನೀಟದ.

ಆಮ್ಯಾಲ ಸರಕಾರದ ಕಾಗದ ಬಂತು.
ಹದಿನೇಳನೇ ಗಾಯದ ಮ್ಯಾಲ
ಗಿಡ ಲೆಕ್ಕಿಲ್ದ ಬೆಳದದ.
ಗಡಿಯಾಚಿ, ಕೂಗಿದ್ರ ಕೇಳಸೂವಷ್ಟು ದೂರ,
ಇಂಥದೇ ಗಿಡಕ್ಕ ಇನ್ನೂ ಗಡಿಗಿ ಕಟ್ಟತಾರ.
ಗಾಳಿ ಆ ಕಡಿಂದ ಬೀಸಿದ ಮುಂಜಾನಿ
ಮುತ್ಯಾ ತಾಟಿನ ಮುಂದ ಸುಮ್ಮ ಕುಂದರತಿದ್ದ.
ರೊಟ್ಟಿ ಆರತಿತ್ತು.

ಕಡೀ ಗಡಿಗಿ ನಮ್ಮವ್ವ ತೊಳೀಲಿಲ್ಲ.
ತಳದ ಹುಳಿಗಿ ಜ್ವಾಳದ ಹಿಟ್ಟು ಕಲಸಿ
ಅರಿವಿ ಕಟ್ಟಿ ಮೂಲ್ಯಾಗ ಇಟ್ಟಳು.
ಮರುದಿನ ಅರಿವಿ ಉಬ್ಬಿತ್ತು,
ಒಳಗ ಯಾರೋ ಉಸಿರು ಬಿಟ್ಟಂಗ.
ಅವತ್ತಿನಿಂದ ದಿನಾ ಒಂದು ಸೌಟು ತಗದು
ಒಂದು ಸೌಟು ಹೊಯ್ಯತೀವಿ. ಗಡಿಗಿ ಖಾಲಿ ಆಗೇ ಇಲ್ಲ.

ಈಗ ಬಸ್‌ಸ್ಟ್ಯಾಂಡ್ ಎದುರಿಗಿ ನಂದೊಂದು ಖಾನಾವಳಿ.
ಕಟಕ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ, ಅಂಬಲಿ.
ಹೋದ ಮಂಗಳವಾರ ಅಬಕಾರಿ ಸಾಹೇಬ ಬಂದಿದ್ದ,
ಜೀಪು ನೆರಳಿಗಿ ನಿಂದ್ರಿಸಿ, ಟೊಪ್ಪಿಗಿ ತೊಡಿ ಮ್ಯಾಲ ಇಟಗೊಂಡು
ಒಂದು ಲೋಟ ಗಟಗಟ ಕುಡದ.
ಮೀಸಿ ಒರಸಿಕೊಂಡು ಲೋಟದ ತಳ ನೋಡಿದ.
"ಏನ್ ಹಾಕ್ತಿ ಬೇ ಇದರಾಗ?"

"ಏನಿಲ್ರಿ ಸಾಹೇಬ್ರ. ನಿನ್ನೀದು ಸ್ವಲ್ಪ."

ಇನ್ನೊಂದು ಲೋಟ ಮುಂದ ಮಾಡಿದ.
ಗೋಡಿ ಗಡಿಯಾರ ನೋಡಿದೆ, ಹನ್ನೊಂದು.
ತಾಟಿಗಿ ಒಂದು ಮೆಣಸಿನಕಾಯಿ ಹೆಚ್ಚಿಗಿ ಇಟ್ಟೆ.